ಗಾಲಿ ಕಮಾನಿಗೆ ಜಂಗು ಹಿಡಿದರೆ

ಕಾರಿನ ಹಿಂದಿನ ಗಾಲಿಯ ಮೇಲೆ ಕಮಾನಿನಂತೆ ಬಾಗಿದ ಅಂಚಿದೆಯಲ್ಲ, ಅದರ ಒಳಮಗ್ಗುಲಿಗೆ ಬೆರಳು ಹಾಕಿ ಸವರಿ ನೋಡಿ. ಗಂಗಾವತಿ, ಕಾರಟಗಿಯ ಗದ್ದೆ ದಾರಿಗಳಲ್ಲಿ ಕೆಲವು ವರ್ಷ ಓಡಿದ ಗಾಡಿಯಾದರೆ ಗಟ್ಟಿಯಾಗಿ ಕೂತ ಮಣ್ಣು ಕೈಗೆ ಸಿಗುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಅದನ್ನು ಕೆರೆದಾಗ ಮಣ್ಣಿನ ಜೊತೆ ತಗಡೂ ಪದರು ಪದರಾಗಿ ಉದುರಿದರೆ, ಹೊರಗಡೆ ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ಒಳಗೆ ಜಂಗು ಬೇರು ಬಿಟ್ಟಿದೆ ಎಂದೇ ಅರ್ಥ.

ಈ ಜಾಗಕ್ಕೇ ಜಂಗು ಹಿಡಿಯಲು ಕಾರಣವಿದೆ. ಹಿಂದಿನ ಕಮಾನು ಒಂದೇ ತಗಡಲ್ಲ. ಹೊರಗಿನದು ಬಾಡಿಯ ತಗಡು, ಒಳಗಿನದು ಗಾಲಿಯ ಗೂಡಿನ ತಗಡು. ಎರಡರ ಅಂಚನ್ನೂ ಒಂದರ ಮೇಲೊಂದು ಕೂಡಿಸಿ ಚುಕ್ಕಿ ಬೆಸುಗೆ ಹಾಕಿರುತ್ತಾರೆ. ಆ ಸಂದಿಯ ಮೇಲೆ ಕಂಪನಿ ಬಳಿದ ಸೀಲರ್ ಕಲ್ಲು ಬಡಿದು ಬಿರುಕು ಬಿಟ್ಟಿತೆಂದರೆ ನೀರು ಎರಡು ತಗಡುಗಳ ನಡುವೆ ಇಳಿದು ಅಲ್ಲೇ ನಿಲ್ಲುತ್ತದೆ. ನಮ್ಮ ಭಾಗದಲ್ಲಿ ಇದರ ಜೊತೆ ಉಪ್ಪೂ ಸೇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ನೆಲದಲ್ಲಿ ಸವಳು-ಜವಳು ಎಷ್ಟು ಹಬ್ಬಿದೆ ಎಂಬುದು ರೈತರಿಗೆ ಗೊತ್ತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆ ಸಮಸ್ಯೆಗೆಂದೇ ಪ್ರತ್ಯೇಕ ಸಂಶೋಧನೆ ನಡೆಯುತ್ತಿದೆ. ಪೈರನ್ನು ಕುಗ್ಗಿಸುವ ಆ ಉಪ್ಪೇ ಕೆಸರಿನ ಜೊತೆ ಕಮಾನಿನೊಳಗೆ ಸೇರಿ, ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣವನ್ನು ಬೇಗ ತಿನ್ನುತ್ತದೆ. ಯಲಬುರ್ಗಾ, ಕುಷ್ಟಗಿ ಕಡೆ ನೀರು ಕಡಿಮೆ, ಆದರೆ ಎರೆ ಮಣ್ಣು ಒಮ್ಮೆ ಅಂಟಿತೆಂದರೆ ಹಸಿ ಆರಲು ದಿನಗಟ್ಟಲೆ ಬೇಕು.

ಜಂಗು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡು ಕೂಡಿಸುವುದರಲ್ಲಿ ನಮ್ಮೂರುಗಳ ಟಿಂಕರಿಂಗ್ ಮಿಸ್ತ್ರಿಗಳ ಕೈ ಪಳಗಿದೆ. ಬೆಸುಗೆ ಮುಗಿದ ಮೇಲೆ ಸಂದಿ ಮುಚ್ಚುವ ಕೆಲಸಕ್ಕೆ ಮಾತ್ರ ಯಾರೂ ಸಮಯ ಕೊಡುವುದಿಲ್ಲ. ಸಂಜೆಯೊಳಗೆ ಗಾಡಿ ಬೇಕು ಎನ್ನುವ ಮಾಲೀಕರದೂ ಇದರಲ್ಲಿ ಪಾಲಿದೆ. ಹಾಗೆ ಅವಸರದಲ್ಲಿ ಮುಗಿಸಿದ ಕಮಾನಿನ ಬಣ್ಣ ಬರುವ ಮಳೆಗಾಲಕ್ಕೇ ಗುಳ್ಳೆ ಏಳುತ್ತದೆ.

ಕೆಲಸಕ್ಕೆ ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ಮಳೆಗಾಲದಲ್ಲಿ ಉಜ್ಜಿದ ತಗಡು ಮರುದಿನಕ್ಕೇ ಕೆಂಪಾಗುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಪುಟ್ಟಿ ಕೈಯಲ್ಲೇ ಗಟ್ಟಿಯಾಗುತ್ತದೆ, ಪ್ರೈಮರ್ ತಗಡಿಗೆ ಮುಟ್ಟುವ ಮೊದಲೇ ಒಣಗಿ ಪುಡಿಯಂತೆ ಕೂರುತ್ತದೆ. ಬೇಸಿಗೆಯಲ್ಲೇ ಮಾಡಿಸಬೇಕಾದರೆ ಬೆಳಗಿನ ಹೊತ್ತು, ನೆರಳಿನಲ್ಲಿ ಮಾಡಿಸಿ.

ಗ್ರೈಂಡರ್ ಹಚ್ಚುವ ಮೊದಲು ಗಾಲಿ ಬಿಚ್ಚಿ, ಗಾಡಿಯನ್ನು ಜಾಕ್ ಮೇಲಲ್ಲ, ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಬೇಕು. ಹಿಂದಿನ ಸೀಟು, ಡಿಕ್ಕಿಯ ಒಳಹಾಸು, ಸದ್ದು ತಡೆಯಲು ಅಂಟಿಸಿದ ಹಾಳೆ ಎಲ್ಲವೂ ಹೊರಗೆ ಬರಬೇಕು. ಬೆಸುಗೆಯ ಕಾವು ಒಳಮಗ್ಗುಲಿಗೆ ಹೋಗಿ ಅವಕ್ಕೇ ಮೊದಲು ಬೆಂಕಿ ತಗಲುತ್ತದೆ. ಪೆಟ್ರೋಲ್ ಹಾಕುವ ಪೈಪು ಒಂದು ಬದಿಯ ಕಮಾನಿನ ಹಿಂದೆಯೇ ಹಾದು ಹೋಗಿರುತ್ತದೆ. ಅದನ್ನು ಬಿಚ್ಚಿ, ಬಾಯಿ ಮುಚ್ಚಿ, ಸರಿಸದೆ ಆ ಬದಿಗೆ ಕಿಡಿ ಹಾರಿಸುವಂತಿಲ್ಲ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಅದನ್ನು ಬಲ್ಲವರಿಂದ ಇಳಿಸಿದ ಮೇಲೆಯೇ ಮುಂದಿನ ಮಾತು. ಗಾಜಿನ ಮೇಲೆ ಹಸಿ ಗೋಣಿಚೀಲ ಹೊದಿಸಿರಿ. ಗ್ರೈಂಡರಿನ ಕಿಡಿ ತಾಗಿದ ಗಾಜಿನಲ್ಲಿ ಉಳಿಯುವ ಚುಕ್ಕೆಗಳು ಯಾವ ಪಾಲಿಶಿಗೂ ಹೋಗುವುದಿಲ್ಲ. ಒಂದು ಬಕೆಟ್ ನೀರು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ.

ಇನ್ನು ಕತ್ತರಿಸುವುದು. ಕಣ್ಣಿಗೆ ಕಾಣುವ ಜಂಗು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಎರಡು-ಮೂರು ಸೆಂಟಿಮೀಟರ್ ಆಚೆಗೆ, ಬೆಳ್ಳಗೆ ಹೊಳೆಯುವ ಗಟ್ಟಿ ತಗಡಿನಲ್ಲಿ ಟೇಪ್ ಹಚ್ಚಿ ಗೆರೆ ಹಾಕಿಕೊಳ್ಳಿ. ಮೂಲೆಗಳು ಚೌಕವಾಗಿರದೆ ದುಂಡಗಿರಲಿ, ಚೂಪು ಮೂಲೆಯಿಂದ ಮುಂದೆ ಸೀಳು ಹೊರಡುತ್ತದೆ. 1 ಮಿ.ಮೀ. ದಪ್ಪದ ಕಟಿಂಗ್ ವೀಲಿನಿಂದ ಹೊರ ತಗಡನ್ನು ಮಾತ್ರ ಕೊಯ್ಯಬೇಕು. ಒಳ ತಗಡಿಗೂ ಒಮ್ಮೆಗೇ ವೀಲು ಇಳಿಸಿದರೆ ಗಟ್ಟಿಯಿದ್ದದ್ದನ್ನೂ ಹಾಳು ಮಾಡಿದಂತೆ. ಅಂಚಿನ ಚುಕ್ಕಿ ಬೆಸುಗೆಗಳನ್ನು ಡ್ರಿಲ್‌ನಿಂದ ಒಂದೊಂದಾಗಿ ಬಿಡಿಸಿ ಹೊರ ತಗಡನ್ನು ತೆಗೆದಾಗ ಒಳಗಿನ ಸ್ಥಿತಿ ಪೂರ್ತಿ ಕಾಣುತ್ತದೆ. ಆ ಹೊತ್ತಿಗೆ ಮಾಲೀಕರು ಅಲ್ಲಿರಬೇಕು, ಆಗದಿದ್ದರೆ ಫೋಟೊ ತರಿಸಿಕೊಳ್ಳಬೇಕು. ಒಳ ತಗಡು ತೂತಾಗಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಹೊರಗಿನದು. ಹಳೆಯ ಜಂಗಿನ ಮೇಲೆ ಹೊಸ ತಗಡನ್ನು ತೇಪೆಯಂತೆ ಬಡಿಯುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಹೆಚ್ಚು ಮಾರಾಟವಾಗುವ ಕಾರುಗಳಿಗೆ ಸಿದ್ಧ ಪ್ಯಾನಲ್ ಸಿಗಬಹುದು. ಸಿಗದಿದ್ದರೆ ಸುಮಾರು 0.8 ಮಿ.ಮೀ. ದಪ್ಪದ ಸಿಆರ್ ತಗಡಿನಲ್ಲಿ ಮಿಸ್ತ್ರಿಯೇ ಬಡಿದು ಆಕಾರ ಕೊಡಬೇಕು. ಜಿಐ ತಗಡು ಬಳಸಿದರೆ ಬೆಸೆಯುವ ಅಂಚಿನ ಸತುವನ್ನು ಮೊದಲು ಉಜ್ಜಿ ತೆಗೆಯಬೇಕು. ಸುಟ್ಟ ಸತುವಿನ ಹೊಗೆ ಕುಡಿದವರಿಗೆ ರಾತ್ರಿಗೆ ಚಳಿಜ್ವರ ಬರುತ್ತದೆ. ಬೆಸುಗೆಗೆ ಸಿಒಟು ವೆಲ್ಡಿಂಗ್ ಇರುವ ಗ್ಯಾರೇಜನ್ನೇ ಹುಡುಕಿ. ಗ್ಯಾಸ್ ವೆಲ್ಡಿಂಗಿನ ಕಾವು ಹರಡಿ ತೆಳು ತಗಡು ಅಲೆಯಂತೆ ಏಳುತ್ತದೆ, ಆ ಅಲೆ ಮುಚ್ಚಲು ಕೆಜಿಗಟ್ಟಲೆ ಪುಟ್ಟಿ ಮೆತ್ತಬೇಕಾಗುತ್ತದೆ. ಈ ತುದಿಗೊಂದು, ಆ ತುದಿಗೊಂದು, ನಡುವೆ ಒಂದು ಎಂದು ಚುಕ್ಕಿ ಹಾಕಿ, ಕೈಯಿಂದ ಮುಟ್ಟುವಷ್ಟು ತಣ್ಣಗಾದ ಮೇಲೆ ನಡುವಿನ ಜಾಗ ತುಂಬಬೇಕು. ಒಂದೇ ಏಟಿಗೆ ಉದ್ದಕ್ಕೂ ಗೆರೆ ಎಳೆಯಬಾರದು.

ಮುಚ್ಚುವ ಕೆಲಸಕ್ಕೆ ಕನಿಷ್ಠ ಎರಡು ದಿನ ಕೊಡಿ. ಬೆಸುಗೆಯನ್ನು ಉಜ್ಜಿ ಸಮ ಮಾಡಿ, ಥಿನ್ನರ್‌ನಲ್ಲಿ ಒರೆಸಿ ಎಣ್ಣೆ, ದೂಳು ತೆಗೆದ ಕೂಡಲೇ ಎಪಾಕ್ಸಿ ಪ್ರೈಮರ್ ಎರಡು ಕೈ ಬೀಳಬೇಕು, ಒಳಗೂ ಹೊರಗೂ. ಅಗ್ಗವೆಂದು ಬಳಿಯುವ ರೆಡ್ ಆಕ್ಸೈಡ್ ಒಂದೇ ಇದ್ದರೆ ಅದು ತೇವವನ್ನು ಒಳಗೆ ಬಿಡುತ್ತದೆ. ಪ್ರೈಮರ್ ಒಣಗಿದ ಮೇಲೆ ಎರಡು ತಗಡು ಕೂಡುವ ಇಡೀ ಅಂಚಿಗೆ ಪಿಯು ಸೀಮ್ ಸೀಲರ್ ಹಾಕಿ, ಬ್ರಶ್‌ನಿಂದ ಸಂದಿಯೊಳಕ್ಕೆ ಒತ್ತಬೇಕು. ಸ್ನಾನಗೃಹಕ್ಕೆ ಬಳಸುವ ಸಿಲಿಕೋನ್ ಇಲ್ಲಿ ಬೇಡ. ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ, ಹುಳಿ ವಾಸನೆ ಬರುವ ಬಗೆಯದಾದರೆ ಅದರ ಆಮ್ಲವೇ ಕಬ್ಬಿಣಕ್ಕೆ ಜಂಗು ತರುತ್ತದೆ. ಸೀಲರ್ ಗಟ್ಟಿಯಾದ ನಂತರ ಗೂಡಿನ ಒಳಮೈಗೆ ಕಲ್ಲೇಟು ತಡೆಯುವ ಅಂಡರ್‌ಬಾಡಿ ಕೋಟಿಂಗ್. ನೀರು ಇಳಿಯುವ ತೂತುಗಳಿಗೆ ಮೊದಲೇ ಕಡ್ಡಿ ತುರುಕಿಟ್ಟು, ಕೋಟಿಂಗ್ ಮುಗಿದ ಮೇಲೆ ಕೀಳುವುದನ್ನು ಮರೆಯಬಾರದು. ಆ ತೂತು ಮುಚ್ಚಿಹೋದ ಕಮಾನಿನೊಳಗೆ ನೀರು ಕೊಳೆಯುತ್ತದೆ. ಬಣ್ಣವೂ ಆದ ಮೇಲೆ, ಕೊನೆಗೆ, ಎರಡು ತಗಡುಗಳ ನಡುವಿನ ಪೊಳ್ಳಿಗೆ ಡಿಕ್ಕಿಯ ಕಡೆಯಿಂದ ಸಣ್ಣ ನಳಿಗೆ ತೂರಿಸಿ ಮೇಣದ ಸ್ಪ್ರೇ ಹೊಡೆಯಬೇಕು. ಹೊರಗೆ ಪುಟ್ಟಿ ಎರಡು-ಮೂರು ಮಿ.ಮೀ. ದಾಟದಿರಲಿ, ಪುಟ್ಟಿ ನೀರು ಕುಡಿಯುವ ವಸ್ತು. ಅದರ ಮೇಲೆ ಬಣ್ಣ.

ಕಮಾನನ್ನೇ ಅಗಲಿಸಿ ದಪ್ಪ ಟೈರ್ ಹಾಕಿಸುವ ವೈಡ್‌ಬಾಡಿ ಕಿಟ್ ಬಗ್ಗೆ ಹುಡುಗರು ಕೇಳುತ್ತಾರೆ. ಜಪಾನಿನ ಅಕಿರಾ ನಕಾಯ್ ಪೋರ್ಷೆ ಕಾರುಗಳ ಕಮಾನನ್ನು ಕೈಯಾರೆ ಕೊಯ್ದು ಕಿಟ್ ಕೂಡಿಸುವ ವಿಡಿಯೊಗಳನ್ನು ಅವರೆಲ್ಲ ನೋಡಿದ್ದಾರೆ. ಅಂಥ ಕಿಟ್ ಹಾಕುವಾಗ ಒಳ ತಗಡನ್ನು ಬೆರಳಗಲದ ಪಟ್ಟಿಗಳಾಗಿ ಸೀಳಿ, ಮೇಲಕ್ಕೆ ಬಗ್ಗಿಸಿ, ಹೊರ ತಗಡಿಗೆ ಬೆಸೆದು ಸೀಲರ್ ತುಂಬಬೇಕು. ಮುಚ್ಚುವ ಕ್ರಮ ಮೇಲೆ ಹೇಳಿದ್ದೇ. ಆದರೆ ನಮ್ಮ ಜಿಲ್ಲೆಯ ಕೆಎ-37 ನಂಬರಿನಲ್ಲಿ ರಸ್ತೆಗಿಳಿಯುವ ಗಾಡಿಗೆ ಇದನ್ನು ಮಾಡಿಸಬೇಡಿ ಎಂದೇ ನನ್ನ ಕಳಕಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಜಂಗು ತಿಂದ ತಗಡನ್ನು ಮೂಲ ಆಕಾರಕ್ಕೇ ತರುವ ರಿಪೇರಿಗೆ ಈ ತೊಡಕಿಲ್ಲ.

ಗಾಡಿ ಮನೆಗೆ ಬಂದ ಮೇಲೆ ಪೈಪಿನಿಂದ ಗೂಡಿನೊಳಗೆ ಜೋರಾಗಿ ನೀರು ಬಿಟ್ಟು, ಡಿಕ್ಕಿಯ ಒಳಹಾಸು ಎತ್ತಿ ಒಣ ಬಟ್ಟೆಯಿಂದ ಒತ್ತಿ ನೋಡಿ. ಬಟ್ಟೆ ಹಸಿಯಾದರೆ ಆವತ್ತೇ ವಾಪಸ್ ಒಯ್ಯಿರಿ. ನಾಟಿಯ ದಿನಗಳಲ್ಲಿ ಗದ್ದೆಗೆ ಹೋಗಿ ಬಂದ ಗಾಡಿಯ ನಾಲ್ಕೂ ಗೂಡುಗಳನ್ನು ಮಣ್ಣು ಆರುವ ಮೊದಲೇ ಸಿಹಿನೀರಿನಿಂದ ತೊಳೆಯಿರಿ, ಸವಳು ಬೋರಿನ ನೀರು ಬೇಡ. ಜಂಗು ಬಾರದಿರಲೆಂದು ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿಯನ್ನು ಕೈಬಿಡಬೇಕು. ಅದು ಬುಶ್ಶಿನ ರಬ್ಬರನ್ನು ಊದಿಸುತ್ತದೆ, ಮೈಗೆ ತಾಗಿದರೆ ವಿಷ, ಮುಂದಿನ ಮಳೆಗೆ ತೊಳೆದುಹೋಗಿ ನಿಮ್ಮದೇ ಗದ್ದೆಯ ನೀರಿಗೆ ಸೇರುತ್ತದೆ. ಮೇಣದ ಸ್ಪ್ರೇಯನ್ನು ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಮತ್ತೆ ಹೊಡೆಸಿ.