ಒಂದೇ ಫೋಲ್ಡರಿನಲ್ಲಿ ಎರಡು ಕೊಪ್ಪಳ

ಯಲಬುರ್ಗಾ



ಪ್ರೆಸ್ಸಿಗೆ ಫೈಲ್ ಸರ್ವರ್ ಕೂಡ್ರಿಸುವ ಕೆಲಸವನ್ನು ಮಾಲಕರು ನಿನಗೇ ಒಪ್ಪಿಸಿದ್ದು ಕೇಳಿ ಸಂತೋಷವಾಯಿತು. ಟೈಪ್ ಮಾಡುವವರದು ವಿಂಡೋಸ್, ಡಿಸೈನ್ ಮಾಡುವ ಹುಡುಗನದು ಮ್ಯಾಕ್, ನಿನ್ನದು ಉಬುಂಟು. ಗಂಗಾವತಿ, ಕುಷ್ಟಗಿಯ ಶಾಖೆಗಳಿಂದ ಬರುವ ಪೆನ್‌ಡ್ರೈವ್‌ಗಳು ಬೇರೆ. ‘ವಿಂಡೋಸಿಗೆ ಸಾಂಬಾ, ಲಿನಕ್ಸಿಗೆ ಎನ್‌ಎಫ್‌ಎಸ್, ಮ್ಯಾಕಿಗೆ ಎಎಫ್‌ಪಿ, ಮೂರನ್ನೂ ಹಾಕಲೇ ದೊಡ್ಡಪ್ಪಾ?’ ಎಂದು ಕೇಳಿದ್ದೀಯ.

ಬೇಡ. ಸಾಂಬಾ ಒಂದೇ ಹಾಕು.

ಒಂದೇ ಕಡತವನ್ನು ಒಬ್ಬರು ಸಾಂಬಾದಿಂದ, ಇನ್ನೊಬ್ಬರು ಎನ್‌ಎಫ್‌ಎಸ್‌ನಿಂದ ತೆರೆದರೆ ಒಬ್ಬರು ಹಾಕಿದ ಬೀಗ ಇನ್ನೊಬ್ಬರಿಗೆ ಸರಿಯಾಗಿ ಕಾಣುವುದಿಲ್ಲ. ಕಡೆಗೆ ಸೇವ್ ಮಾಡಿದವರದೇ ಉಳಿಯುತ್ತದೆ. ಎನ್‌ಎಫ್‌ಎಸ್ 1984ರಲ್ಲಿ ಸನ್ ಕಂಪನಿಯಿಂದ ಬಂದದ್ದು, ಕೆಟ್ಟದ್ದೇನಲ್ಲ. ಆದರೆ ಸಾಮಾನ್ಯ ಹೊಂದಿಕೆಯಲ್ಲಿ ಅದು ಮನುಷ್ಯನ ಹೆಸರು ಕೇಳುವುದಿಲ್ಲ, ನಂಬರ್ ನೋಡುತ್ತದೆ. ಉಬುಂಟುವಿನಲ್ಲಿ ಮೊದಲ ಬಳಕೆದಾರನಿಗೆ 1000 ಸಿಗುತ್ತದೆ. ನಾಳೆ ಇನ್ಯಾರಾದರೂ ಉಬುಂಟು ಹಾಕಿಕೊಂಡು ಬಂದರೆ ಅವರೂ 1000, ನೀನೂ 1000. ನಿನ್ನ ಕಡತಗಳಿಗೆಲ್ಲ ಅವರೂ ಯಜಮಾನರೇ. ಇನ್ನು ಎಎಫ್‌ಪಿಯನ್ನು ಆಪಲ್‌ನವರೇ ಪಕ್ಕಕ್ಕಿಟ್ಟಿದ್ದಾರೆ. 2013ರ ಮ್ಯಾವರಿಕ್ಸ್‌ನಿಂದ ಮ್ಯಾಕ್ ಮೊದಲು ಹುಡುಕುವುದು ಎಸ್‌ಎಂಬಿ ಎಂಬ ಭಾಷೆಯನ್ನೇ. ಸಾಂಬಾ ಮಾತಾಡುವುದೂ ಅದನ್ನೇ.

ಈ ಸಾಂಬಾದ ಹುಟ್ಟು ನಿನಗೆ ಇಷ್ಟವಾದೀತು. 1991-92ರ ಸುಮಾರಿಗೆ ಕ್ಯಾನ್‌ಬೆರಾದಲ್ಲಿ ಓದುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್, ತಂತಿಯಲ್ಲಿ ಹಾದುಹೋಗುವ ಮಾಹಿತಿಯನ್ನು ಗಮನಿಸುತ್ತಲೇ ಆ ಭಾಷೆಯ ವ್ಯಾಕರಣ ಬಿಡಿಸಿದ. ಯಾರೂ ಅವನ ಕೈಗೆ ಪುಸ್ತಕ ಕೊಟ್ಟಿರಲಿಲ್ಲ.

ಎಸ್‌ಎಂಬಿಯ ಒಂದನೇ ಆವೃತ್ತಿಯನ್ನು ಮಾತ್ರ ಯಾರು ಕೇಳಿದರೂ ತೆರೆಯಬೇಡ. ‘ಹಳೇ ಸ್ಕ್ಯಾನರ್ ಕೂಡ್ತಾ ಇಲ್ಲ’ ಎಂದು ಒಬ್ಬರಾದರೂ ಬಂದೇ ಬರುತ್ತಾರೆ. 2017ರ ಮೇ ತಿಂಗಳಲ್ಲಿ ಜಗತ್ತನ್ನೇ ಅಲ್ಲಾಡಿಸಿದ ವಾನಾಕ್ರೈ ಹರಡಿದ್ದು ಆ ಕಿಂಡಿಯಿಂದಲೇ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವೂ ಬೇಡ. ಹೊಸ ವಿಂಡೋಸ್ 11 ಪ್ರೊ ಹೇಗೂ ಅದನ್ನು ಒಪ್ಪುವುದಿಲ್ಲ. ಪ್ರತಿಯೊಬ್ಬರಿಗೂ ಅವರವರ ಹೆಸರು ಕೊಡು. ಲಿನಕ್ಸ್‌ನಲ್ಲಿ ಖಾತೆ ತೆರೆದರಷ್ಟೇ ಸಾಲದು, ಸಾಂಬಾ ತನ್ನ ಪಾಸ್‌ವರ್ಡ್‌ಗಳನ್ನು ಬೇರೆಯೇ ಇಟ್ಟುಕೊಳ್ಳುತ್ತದೆ. ಎಸ್‌ಎಂಬಿಪಾಸ್‌ಡಬ್ಲ್ಯುಡಿ ಆಜ್ಞೆಯಿಂದ ಅಲ್ಲಿಯೂ ಸೇರಿಸಬೇಕು. ಎಲ್ಲರನ್ನೂ ಒಂದು ಗುಂಪಿಗೆ ಹಾಕಿ, ಹಂಚಿಕೆಯ ಫೋಲ್ಡರಿಗೆ 2770 ಅನುಮತಿ ಕೊಡು. ಆ ಮುಂದಿನ 2 ಇದೆಯಲ್ಲ, ಒಳಗೆ ಹುಟ್ಟುವ ಪ್ರತಿ ಕಡತವೂ ಆ ಗುಂಪಿಗೇ ಸೇರುವಂತೆ ನೋಡಿಕೊಳ್ಳುವುದು ಅದೇ. ಕಡತ ಹುಟ್ಟುವಾಗಲೇ 0660 ಆಗಿರುವಂತೆ ಕ್ರಿಯೇಟ್ ಮಾಸ್ಕನ್ನೂ ಬರೆದುಬಿಡು. ಇಲ್ಲದಿದ್ದರೆ ಒಬ್ಬರು ಮಾಡಿದ ಲಗ್ನಪತ್ರಿಕೆಯನ್ನು ಇನ್ನೊಬ್ಬರು ತಿದ್ದಲಾಗದೆ ನಿನ್ನ ಹೆಸರು ಕೂಗುತ್ತಾರೆ. ಮ್ಯಾಕಿಗಾಗಿ ವಿಎಫ್‌ಎಸ್ ಸಾಲಿನಲ್ಲಿ ಕೇಟಿಯಾ, ಫ್ರೂಟ್, ಸ್ಟ್ರೀಮ್ಸ್ ಎಕ್ಸ್‌ಆಟರ್, ಇದೇ ಅನುಕ್ರಮದಲ್ಲಿ ಬರೆ. ಬದಲಾಯಿಸಿದಾಗಲೆಲ್ಲ ಮೊದಲು ಟೆಸ್ಟ್‌ಪಾರ್ಮ್, ಆಮೇಲೆ ರೀಸ್ಟಾರ್ಟ್.

ಇಷ್ಟನ್ನು ಯಾವ ಕೈಪಿಡಿಯಾದರೂ ಹೇಳುತ್ತದೆ. ನಾನು ಬರೆಯಲು ಕೂತದ್ದು ಕನ್ನಡದ ಹೆಸರುಗಳ ವಿಷಯಕ್ಕೆ.

ನಮ್ಮ ಜಿಲ್ಲೆಯ ನಾಲ್ಕು ಹಳೆಯ ತಾಲೂಕುಗಳ ಹೆಸರಿನಲ್ಲಿ ನಾಲ್ಕು ಫೋಲ್ಡರ್ ಮಾಡಿದ್ದೀಯ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮೂರೂ ಎಲ್ಲಿ ಹೋದರೂ ತಂಟೆ ಮಾಡುವುದಿಲ್ಲ. ಕೊಪ್ಪಳ ಮಾಡುತ್ತದೆ. ‘ಕೊ’ದ ಒತ್ವವನ್ನು ಯೂನಿಕೋಡ್ ಒಂದೇ ಚಿಹ್ನೆಯಾಗಿಯೂ ಬರೆಯಬಲ್ಲದು, ಎತ್ವಕ್ಕೆ ಊತ್ವ ಸೇರಿಸಿ ಎರಡಾಗಿಯೂ ಬರೆಯಬಲ್ಲದು. ಕಣ್ಣಿಗೆ ಎರಡೂ ಒಂದೇ. ವಿಂಡೋಸಿನಲ್ಲಿ ಟೈಪ್ ಮಾಡಿದ ಕೊಪ್ಪಳ ಸರ್ವರಿನಲ್ಲಿ 18 ಬೈಟು. ಎಚ್‌ಎಫ್‌ಎಸ್ ಪ್ಲಸ್ ಇರುವ ಹಳೆಯ ಮ್ಯಾಕ್ ಡಿಸ್ಕಿನಲ್ಲಿ ಹೆಸರು ಒಡೆದು ಕೂರುವುದರಿಂದ ಅಲ್ಲಿಂದ ಬಂದದ್ದು 21 ಬೈಟು. ಆ ಡಿಸ್ಕನ್ನು ಆರ್‌ಸಿಂಕ್‌ನಿಂದ ನೇರ ಸರ್ವರಿಗೆ ಎಳೆದೆಯೋ, ಒಂದೇ ಜಾಗದಲ್ಲಿ ಎರಡು ಕೊಪ್ಪಳ ಕಾಣುತ್ತವೆ. ಒಂದರಲ್ಲಿ ಹಾಕಿದ ಕೆಲಸ ಇನ್ನೊಂದರಲ್ಲಿ ಇರುವುದಿಲ್ಲ, ಹುಡುಕಿದರೂ ಸಿಗುವುದಿಲ್ಲ. ಈ, ಏ, ಐ, ಓ ಸ್ವರಚಿಹ್ನೆಗಳದೂ ಇದೇ ಕಥೆ. ಕಾನ್ವ್‌ಎಂವಿ ಎಂಬ ಉಪಕರಣಕ್ಕೆ ಎನ್‌ಎಫ್‌ಸಿ ಆಯ್ಕೆ ಕೊಟ್ಟು ಓಡಿಸಿದರೆ ಒಡೆದ ಹೆಸರುಗಳು ಕೂಡಿಕೊಳ್ಳುತ್ತವೆ. ಹಳೆಯ ಡಿಸ್ಕು ಇಳಿಸಿದ ದಿನವೇ ಇದನ್ನು ಮಾಡು.

ಹೆಸರಿನ ಉದ್ದದ್ದೂ ಒಂದು ತಕರಾರಿದೆ. ಇಎಕ್ಸ್‌ಟಿ4 ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟು ಮಿತಿ. ಕನ್ನಡದ ಒಂದೊಂದು ಚಿಹ್ನೆ 3 ಬೈಟು ತಿನ್ನುತ್ತದೆ. ಅಂದರೆ 85 ಚಿಹ್ನೆಗೆ ಮುಗಿಯಿತು. ವಿಂಡೋಸ್ ತನ್ನ ಡಿಸ್ಕಿನಲ್ಲಿ 255 ಚಿಹ್ನೆಗಳನ್ನೇ ಒಪ್ಪುವುದರಿಂದ, ಅಲ್ಲಿ ಇದ್ದ ಉದ್ದ ಹೆಸರಿನ ಕಡತ ಸರ್ವರಿಗೆ ಬರಲೊಲ್ಲೆ ಎನ್ನುತ್ತದೆ. ಮದುಮಕ್ಕಳಿಬ್ಬರ ಮನೆತನವನ್ನೂ ಕಡತದ ಹೆಸರಿನಲ್ಲೇ ಬರೆಯುವ ಚಟವನ್ನು ಪ್ರೆಸ್ಸಿನಲ್ಲಿ ಬಿಡಿಸು. ಸಮಾಧಾನಕ್ಕೆ ಒಂದು ಮಾತು: ದೊಡ್ಡಕ್ಷರ, ಸಣ್ಣಕ್ಷರದ ಕಾಟ ಇಂಗ್ಲಿಷ್ ಹೆಸರುಗಳಿಗೆ ಮಾತ್ರ, ನಮಗಿಲ್ಲ.

ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಕಡತ ನಿನ್ನ ಉಬುಂಟುವಿನಲ್ಲಿ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಸರ್ವರನ್ನು ಬೈಯಬೇಡ. ಅದು ಯೂನಿಕೋಡ್ ಅಲ್ಲದ ಬರಹ. ಆ ಫಾಂಟು ಇರುವಲ್ಲಷ್ಟೇ ಕನ್ನಡವಾಗುತ್ತದೆ.

ಗಂಗಾವತಿ, ಕುಷ್ಟಗಿಯವರಿಗೆಂದು ಎಸ್‌ಎಂಬಿಯ 445ನೇ ಪೋರ್ಟನ್ನು ಇಂಟರ್ನೆಟ್ಟಿಗೆ ಬಿಡಬೇಡ. ವೈರ್‌ಗಾರ್ಡ್ ವಿಪಿಎನ್ ಹಾಕು, ದೊಡ್ಡ ಕಡತಗಳು ರಾತ್ರಿ ಬಂದು ಸೇರಲಿ. ನೆಟ್‌ವರ್ಕಿನಲ್ಲಿ ಅಳಿಸಿದ್ದು ವಿಂಡೋಸಿನ ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ ಎಂಬುದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಸಾಂಬಾದ ರೀಸೈಕಲ್ ಮಾಡ್ಯೂಲನ್ನೂ ಸೇರಿಸು.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಅದರ ಮುದ್ರಣದ ಕೆಲಸ ಶುರುವಾಗುವ ಮೊದಲು ಒಂದು ರವಿವಾರ ಬ್ಯಾಕಪ್ಪಿನಿಂದ ಒಂದು ಇಡೀ ಫೋಲ್ಡರನ್ನು ವಾಪಸು ತೆಗೆದು, ಮೂರೂ ಬಗೆಯ ಕಂಪ್ಯೂಟರಿನಲ್ಲಿ ತೆರೆದು ನೋಡು. ಏನಾಯಿತೆಂದು ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ