ಅಡಾಪ್ಟರ್ ಒಳಗೆ ಏನಾಗುತ್ತೆ?

ರೇಡಿಯೋಕ್ಕೆ ಸೆಲ್ಲು ಹಾಕಿ ಹಾಕಿ ನಿಮಗೆ ಸಾಕಾಗಿದೆಯೇ? ಆದವಾನಿಗೆ ಹತ್ತಿ ಮಾರಲು ಹೋದಾಗ ಒಂದು ಅಡಾಪ್ಟರ್ ತಂದರಾಯಿತು ಅಂತೀರಿ. ತನ್ನಿ. ಆದರೆ ಅದರ ಮೇಲಿನ ಅಂಕಿ ಓದದೆ ತಂದರೆ ರೇಡಿಯೋನೇ ಸುಟ್ಟೀತು.

ಮನೆಗೆ ಬರುವ ಕರೆಂಟು 230 ವೋಲ್ಟ್. ಅದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಹರಿಯುತ್ತದೆ. ಹೀಗೆ ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ. ಇದಕ್ಕೆ ಏಸಿ ಅನ್ನುತ್ತಾರೆ. ಸೆಲ್ಲಿನ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ. ಅದು ಡೀಸಿ. ರೇಡಿಯೋಕ್ಕೆ ಬೇಕಾದದ್ದು ಡೀಸಿ, ಅದೂ 6 ಅಥವಾ 9 ವೋಲ್ಟಿನಷ್ಟು ಮಾತ್ರ.

ಹಳೇ ಮಾದರಿ ಅಡಾಪ್ಟರ್ ಕೈಯಲ್ಲಿ ಹಿಡಿದು ನೋಡಿ. ಆ ಭಾರ ಟ್ರಾನ್ಸ್‌ಫಾರ್ಮರಿನದು. ಹೊಲದ ಹತ್ತಿರ ಕಂಬದ ಮೇಲಿರುವುದು ಇದರ ಅಣ್ಣ! ಕಬ್ಬಿಣದ ತಗಡುಗಳ ಮೇಲೆ ತಾಮ್ರದ ತಂತಿಯ ಎರಡು ಸುರುಳಿ ಇರುತ್ತವೆ. ಹೆಚ್ಚು ಸುತ್ತಿನ ಸುರುಳಿಗೆ 230 ವೋಲ್ಟ್ ಕೊಟ್ಟರೆ, ಕಡಿಮೆ ಸುತ್ತಿನದರಲ್ಲಿ 9 ವೋಲ್ಟ್ ಬರುತ್ತದೆ. ಆದರೆ ಇನ್ನೂ ಅದು ಏಸಿಯೇ.

ಮುಂದೆ ನಾಲ್ಕು ಡಯೋಡ್. ಬಾವಿ ಮೋಟರಿನ ಫುಟ್‌ವಾಲ್ವ್ ಗೊತ್ತಲ್ಲ? ನೀರನ್ನು ಮೇಲಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡೋದಿಲ್ಲ. ಡಯೋಡ್ ಕೂಡ ಹಾಗೇ. ನಾಲ್ಕನ್ನು ಸರಿಯಾಗಿ ಜೋಡಿಸಿದರೆ, ಕರೆಂಟು ಯಾವ ಕಡೆಯಿಂದ ಬಂದರೂ ಹೊರಗೆ ಒಂದೇ ದಿಕ್ಕಿಗೆ ಹೋಗುತ್ತದೆ. ಆದರೂ ಕೈಪಂಪಿನ ನೀರಿನಂತೆ ಬಿಟ್ಟು ಬಿಟ್ಟು ಬರುತ್ತದೆ, ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಅದನ್ನೇ ಕೊಟ್ಟರೆ ರೇಡಿಯೋ ಗುಂಯ್ ಅನ್ನುತ್ತದೆ.

ಅದಕ್ಕೇ ಕಂಡೆನ್ಸರ್ ಇರುವುದು. ಕೈಪಂಪಿನ ನೀರನ್ನು ತೊಟ್ಟಿಗೆ ತುಂಬಿ, ಕೆಳಗೆ ನಲ್ಲಿ ತಿರುಗಿಸಿದರೆ ಧಾರೆ ಸಮನಾಗಿ ಬರುತ್ತದಲ್ಲ? ಕಂಡೆನ್ಸರ್ ಅಂಥ ತೊಟ್ಟಿ. ಬಹಳ ವರ್ಷ ಬಳಸಿದ ಮೇಲೆ ಗುಂಯ್ ಸದ್ದು ಶುರುವಾದರೆ ಕಂಡೆನ್ಸರ್ ಒಣಗಿರಬಹುದು. ರಿಪೇರಿಯವರಿಗೆ ಹಾಗಂತ ಹೇಳಿ, ಹೊಸದು ಕೊಳ್ಳುವ ದುಡ್ಡು ಉಳಿದೀತು. ನೀವೇ ಬಿಚ್ಚಬೇಡಿ. ಒಳಗೆ 230 ವೋಲ್ಟ್ ಇರುತ್ತದೆ, ಜೀವಕ್ಕೆ ಅಪಾಯ.

ಮೊಬೈಲ್ ಚಾರ್ಜರ್ ಹಗುರ. ಅದರಲ್ಲಿ ಕ್ರಮ ಬೇರೆ. ಮೊದಲೇ ಡೀಸಿ ಮಾಡಿ, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಪುಟ್ಟ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಾರೆ. ಕೊನೆಗೆ ಮತ್ತೆ ಡೀಸಿ ಮಾಡುತ್ತಾರೆ.

ಈಗ ಅಂಗಡಿಗೆ ಹೋಗೋಣ. ಬೋರ್ಡು ತೆಲುಗಿನಲ್ಲಿದ್ದರೇನು, ಅಡಾಪ್ಟರ್ ಮೇಲಿನ ಅಂಕಿ ನೀವು ಕಲಿತ ಅಂಕಿಯೇ. ಔಟ್‌ಪುಟ್ ಎಂಬ ಸಾಲು ನೋಡಿ. ವೋಲ್ಟ್ ರೇಡಿಯೋ ಹಿಂದೆ ಬರೆದಷ್ಟೇ ಇರಬೇಕು. ಮಿಲಿಆಂಪಿಯರ್ ಅಷ್ಟೇ ಇರಲಿ ಅಥವಾ ಹೆಚ್ಚಿರಲಿ, ಕಡಿಮೆ ಬೇಡ. ಪ್ಲಸ್, ಮೈನಸ್ ಗುರುತಿನ ಚಿತ್ರ ಎರಡರಲ್ಲೂ ಒಂದೇ ತರ ಇರಬೇಕು.

ಅಭ್ಯಾಸ: ನಿಮ್ಮ ಮನೆಯ ಒಂದು ಚಾರ್ಜರ್ ತನ್ನಿ. ಅದರ ಮೇಲಿನ ವೋಲ್ಟ್ ಎಷ್ಟು? ಓದಿ, ಪಾಟಿಯ ಮೇಲೆ ಬರೆಯಿರಿ.