ಮೊಲಕ್ಕೆ ಬಿಲವಿಲ್ಲ: ಒಂದು ಅಭ್ಯಾಸ ಪಾಠ
ನಾಗಮಂಗಲದ ಕಡೆಯ ಶಾಲೆಯೊಂದರಲ್ಲಿ ಮೊಲವನ್ನೂ ಪಿಕಳಾರವನ್ನೂ ಹೋಲಿಸುವ ಪಾಠ ನನ್ನದು. 'ಮೊಲ: ಬಿಲ, ಪಿಕಳಾರ: ಗೂಡು' ಎಂದು ಕಪ್ಪುಹಲಗೆಯ ಮೇಲೆ ಬರೆದೆ.

"ನಮ್ಮ ಹೊಲದ ಮೊಲಕ್ಕೆ ಬಿಲ ಇಲ್ಲ ಮಿಸ್, ಹುಲ್ಲಲ್ಲೇ ಮಲಗ್ತದೆ" ಎಂದ ಒಬ್ಬ ಹುಡುಗ.

ಅವನೇ ಸರಿ. ಬಿಲ ತೋಡುವುದು ಸಾಕುಮೊಲದ ಕುಲ. ಬಯಲಲ್ಲೇ ಹುಟ್ಟುವ ಕಾಡುಮೊಲದ ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಪಿಕಳಾರದ ಮರಿ ಬೆತ್ತಲೆ, ಕಣ್ಣು ಮುಚ್ಚಿರುತ್ತದೆ, ಗೂಡಿಲ್ಲದೆ ಬದುಕದು. 'ಮರಿ ಹಾಕುವುದು, ಮೊಟ್ಟೆ ಇಡುವುದು' ಎಂಬ ಮಾಮೂಲಿ ಪಟ್ಟಿಗಿಂತ ಇದನ್ನು ಮಕ್ಕಳು ಕಿವಿಗೊಟ್ಟು ಕೇಳಿದರು.

ಹುರುಳಿ ಹೊಲದಲ್ಲಿ ಒಂಟಿಯಾಗಿದ್ದ ಮರಿಯನ್ನು ಮನೆಗೆ ತಂದಿದ್ದೆ, ಸತ್ತುಹೋಯಿತು ಎಂದ ಅದೇ ಹುಡುಗ. ತಾಯಿ ದೂರವಿದ್ದು ಹಾಲೂಡಿಸಲಷ್ಟೇ ಬರುತ್ತದೆ ಎಂದೆ. ಅವನು ತಲೆ ತಗ್ಗಿಸಿದ.

ಪಾಂಡವಪುರದ ಪಾಠವನ್ನು ಪ್ರಶ್ನೆಯಿಂದಲೇ ಆರಂಭಿಸಿದೆ: ಹೊಲದಲ್ಲಿ ಒಂಟಿ ಮರಿ ಕಂಡರೆ ಏನು ಮಾಡುತ್ತೀರಿ?